ಕಲ್ಯಾಣದಿಂದ ಮನೆಗೆ ತರಬೇಕಾದುದು



ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಭಕ್ತರು ಯಾತ್ರೆ ಹೋಗಿಬರುವುದುಂಟು. ಕಲಬುರಗಿಯಿಂದ ಸುಮಾರು ೮೦ ಕಿ.ಮೀ. ದೂರದ ಆ ಊರಿನ ಹಳೆಯ ಕೋಟೆ, ತ್ರಿಪುರಾಂತಕ ಕೆರೆ, ಅಕ್ಕನಾಗಮ್ಮನವರ ಗವಿ, ೧೦೮ ಅಡಿ ಎತ್ತರದ ಬಸವಣ್ಣನವರ ಪ್ರತಿಮೆ ಎಲ್ಲವೂ ದರ್ಶನೀಯವೇ. ಆದರೆ ಕಲ್ಯಾಣವನ್ನು ಕಂಡವರು ಅಲ್ಲಿಂದ ಮನೆಗೆ ತರಬೇಕಾದುದು ಯಾವುದು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಅವನ ಮಗ ಆರನೆಯ ವಿಕ್ರಮಾದಿತ್ಯನು ೧೦೭೬ರಲ್ಲಿ ಪಟ್ಟವೇರಿ ತನ್ನ ಹೆಸರಿನಲ್ಲಿಯೇ ಶಕೆಯನ್ನು ಆರಂಭಿಸಿದನು. ಕಾಶ್ಮೀರದ ಕವಿ ಬಿಲ್ಹಣನು ಅವನ ಆಸ್ಥಾನವನ್ನು ಅರಸಿ ಬಂದನು. ವಿಜ್ಞಾನೇಶ್ವರನು 'ಮಿತಾಕ್ಷರಾ' ಎಂಬ ಧರ್ಮಶಾಸ್ತ್ರ ವ್ಯಾಖ್ಯಾನವನ್ನು ಅಲ್ಲಿಯೇ ರಚಿಸಿದನು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬ ಅದರ ನಿರ್ಣಯವು ಶತಮಾನಗಳ ಕಾಲ ಆಸ್ತಿ ವಿಭಾಗಕ್ಕೆ ಆಧಾರವಾಯಿತು.

ಹುಟ್ಟಿನ ಹಕ್ಕನ್ನು ನಿರ್ಣಯಿಸಿದ ಅದೇ ನಗರದಲ್ಲಿ, ಕಳಚುರಿ ಬಿಜ್ಜಳನ ಕಾಲಕ್ಕೆ, ಹುಟ್ಟಿನಿಂದ ಮನುಷ್ಯನನ್ನು ಅಳೆಯಲಾಗದೆಂಬ ಘೋಷಣೆ ಕೇಳಿಬಂದಿತು. ಭಂಡಾರಿ ಬಸವಣ್ಣನವರ ಮಹಾಮನೆಯಲ್ಲಿ ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಮೊದಲಾದ ಕಾಯಕಜೀವಿಗಳು ಅಲ್ಲಮಪ್ರಭುಗಳ ಸಮ್ಮುಖದಲ್ಲಿ ಸಮಾನರಾಗಿ ಕುಳಿತು ಅನುಭಾವವನ್ನು ನುಡಿದರು. ಪಾದರಕ್ಷೆ ಹೊಲಿಯುವ ಹರಳಯ್ಯನವರ ಮಗನಿಗೆ, ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳನ್ನು ಧಾರೆಯೆರೆದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಬೀಗರಿಬ್ಬರೂ ಲಿಂಗಧಾರಿಗಳು, ಶರಣರ ದೃಷ್ಟಿಯಲ್ಲಿ ಅವರಿಗೆ ಬೇರೆ ಕುಲವಿರಲಿಲ್ಲ. ಅರಸನು ಆ ಇಬ್ಬರು ತಂದೆಯರನ್ನೂ ಎಳೆಹೂಟೆಗೆ ಗುರಿಮಾಡಿದನು. ಕಲ್ಯಾಣ ಹೊತ್ತಿ ಉರಿಯಿತು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ಚೆನ್ನಬಸವಣ್ಣನವರು ಶರಣರೊಡನೆ ಉಳವಿಯತ್ತ ನಡೆದರು.

ಕಾಲಾನಂತರದಲ್ಲಿ ಆ ಶರಣರ ನುಡಿಗಳು ಓಲೆಗರಿಗಳಲ್ಲಿ ನಮ್ಮ ಸೀಮೆಗೂ ಬಂದವು. ಕಗ್ಗೆರೆಯ ತೋಟದಲ್ಲಿ ತಪವನ್ನಾಚರಿಸಿ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳೂ ಅವರ ಶಿಷ್ಯಪರಂಪರೆಯೂ ವಚನಗಳಿಗೆ ಮರುಜೀವ ನೀಡಿದರು. ತುಮಕೂರಿನ ಬಳಿಯ ಗೂಳೂರಿನ ಸಿದ್ಧವೀರಣ್ಣೊಡೆಯರು 'ಶೂನ್ಯಸಂಪಾದನೆ'ಯನ್ನು ಪರಿಷ್ಕರಿಸಿ, ಶರಣರ ಸಂವಾದವನ್ನು ಮುಂದಿನವರಿಗೆ ಒಪ್ಪಿಸಿದರು. ಕಲ್ಯಾಣದ ಬೆಳಕನ್ನು ಕಾಯ್ದವರ ನಾಡು ನಮ್ಮದು ಎಂಬ ಹೆಮ್ಮೆ ನಮಗಿರಬೇಕು.

ಆ ಹೆಮ್ಮೆಯೊಡನೆ ಹೊಣೆಯೂ ಉಂಟು. ನಮ್ಮ ಮನೆಗಳಲ್ಲಿ ಹೆಣ್ಣುಗಂಡಿನ ಮಾತು ಬಂದಾಗ ಮೊದಲು ಕೇಳುವುದೇನು? ನೊಣಬರೋ, ಸಾದರೋ, ಬಣಜಿಗರೋ ಎಂದು. ಆಮೇಲೆ ಫಲಕ್ಕೆ ಬಂದ ತೆಂಗಿನ ಮರಗಳೆಷ್ಟು ಎಂದು. ನಿತ್ಯ ಲಿಂಗಪೂಜೆ ಉಂಟೇ, ಕಾಯಕದಲ್ಲಿ ನಿಷ್ಠೆ ಉಂಟೇ, ದಾಸೋಹ ಬುದ್ಧಿ ಉಂಟೇ ಎಂಬ ಪ್ರಶ್ನೆಗಳು ಕೊನೆಗೂ ಬಾರವು. ಒಳಪಂಗಡ ಬೇರೆಯೆಂಬ ಒಂದೇ ಕಾರಣಕ್ಕೆ ಯೋಗ್ಯವಾದ ಸಂಬಂಧಗಳು ಮುರಿದುಹೋಗುತ್ತವೆ. ಹರಳಯ್ಯ ಮಧುವರಸರು ಪ್ರಾಣವಿತ್ತು ಅಳಿಸಿದ ಗೆರೆಯನ್ನು ಲಿಂಗಧಾರಿಗಳಾದ ನಾವೇ ಮತ್ತೆ ಎಳೆಯುವುದು ತರವೇ?

೨೦೨೧ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಇಡಲಾಯಿತು. ೨೦೨೪ರಲ್ಲಿ ರಾಜ್ಯ ಸರ್ಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಇವೆರಡೂ ಸಂತೋಷದ ಸಂಗತಿಗಳೇ. ಆದರೆ ಮಗಳ ಮದುವೆಯ ಮಾತುಕತೆ ನಡೆಯುವುದು ನಮ್ಮ ಮನೆಯ ಪಡಸಾಲೆಯಲ್ಲಿ. ಬಸವಣ್ಣನವರ ಮಾತು ನಡೆಯಬೇಕಾದುದೂ ಅಲ್ಲಿಯೇ. ಮುಂದಿನ ಸಲ ಸಂಬಂಧದ ಪ್ರಸ್ತಾಪ ಬಂದಾಗ ಮನೆಯ ಹಿರಿಯರು, ವಿಶೇಷವಾಗಿ ತಾಯಂದಿರು, ಆಚಾರವನ್ನು ಮೊದಲು ಕೇಳಲಿ, ಪಂಗಡವನ್ನು ಕೇಳದೆ ಬಿಡಲಿ. ಯಾತ್ರೆಯ ಫಲ ಅದೇ.