ದೊಡ್ಡ ಪ್ಲಾನ್ ಹಾಕ್ಸೋ ಮೊದಲು ಒಂದು ವೈರು ಹಾಕಿ ನೋಡಿ

ನೆಟ್ ನಿಧಾನ ಅಂದ್ರೆ ನಮ್ಮ ಕಡೆ ಸಿಗೋದು ಎರಡೇ ಉತ್ತರ. ಕನೆಕ್ಷನ್ ಕೊಟ್ಟವರದ್ದು: "ನಿಮ್ಮ ಪ್ಲಾನ್ ಚಿಕ್ಕದು ಸಾರ್, ದೊಡ್ಡದು ಹಾಕ್ಸಿ." ನಮ್ಮವರದ್ದು: "ಹಳ್ಳಿ ನೆಟ್ಟು ಮಾರಾಯ್ರೆ, ಇಷ್ಟೇ." ಇವೆರಡರ ಮೇಲೂ ನನಗೆ ಸಿಟ್ಟಿದೆ. ಮೊದಲನೆಯದು ಜೇಬು ಖಾಲಿ ಮಾಡುತ್ತೆ, ಎರಡನೆಯದು ಮನೆ ಖಾಲಿ ಮಾಡುತ್ತೆ.

ಮನೆ ಖಾಲಿ ಅಂದಿದ್ದು ಸುಮ್ಮನೆ ಅಲ್ಲ. 2020ರ ಲಾಕ್‌ಡೌನಲ್ಲಿ ಲ್ಯಾಪ್‌ಟಾಪ್ ಹಿಡ್ಕೊಂಡು ಊರಿಗೆ ಬಂದ ಮಕ್ಕಳಲ್ಲಿ ಕೆಲವರು ಉಳಿದುಕೊಂಡಿದ್ದಾರೆ. ಹಗಲು ಮಹಡಿ ಮೇಲೆ ಕೂತು ಕಂಪನಿ ಕೆಲಸ, ಸಂಜೆ ತೋಟಕ್ಕೆ ನೀರು, ಕೊಯ್ಲಿನ ದಿನ ರಜೆ ಹಾಕಿ ಕೊನೆಗೌಡರ ಜೊತೆ. ಅಪ್ಪ ಅಮ್ಮನಿಗೆ ಆಸರೆ. ಇದೆಲ್ಲ ನಿಂತಿರೋದು ಒಂದು ಹಗ್ಗದ ಮೇಲೆ: ಮೀಟಿಂಗ್ ಮಧ್ಯೆ ನೆಟ್ ಕಡೀಬಾರದು. ನಾಲ್ಕು ಸಲ ಕಡಿದ್ರೆ ಮೇಲಿನವರು "ಆಫೀಸಿಗೇ ಬನ್ನಿ" ಅಂತಾರೆ. ಅಲ್ಲಿಗೆ ಮುಗೀತು. ಆಮೇಲೆ ಊರು ವೃದ್ಧಾಶ್ರಮ ಆಯ್ತು ಅಂತ ಕಣ್ಣೀರು ಹಾಕಿ ಪ್ರಯೋಜನ ಇಲ್ಲ.

ಈಗ ಒಂದು ಪ್ರಶ್ನೆ. ಡ್ರಿಪ್ ಲೈನಲ್ಲಿ ಕೊನೇ ಸಾಲಿನ ಮರಕ್ಕೆ ನೀರು ಬರ್ತಿಲ್ಲ. ಐದು ಎಚ್‌ಪಿ ಮೋಟರ್ ಕಿತ್ತು ಏಳೂವರೆ ಕೂರಿಸ್ತೀರಾ? ಇಲ್ಲ ತಾನೆ. ಫಿಲ್ಟರ್ ಬಿಚ್ಚಿ ನೋಡ್ತೀರಿ, ಗೇಟ್ ವಾಲ್ವ್ ನೋಡ್ತೀರಿ, ಪೈಪಿನ ಗುಂಟ ನಡೆದು ಎಲ್ಲಿ ಸೋರ್ತಿದೆ ಅಂತ ಹುಡುಕ್ತೀರಿ. ಇಷ್ಟು ಬುದ್ಧಿ ಇರೋ ನಾವು ನೆಟ್ಟಿನ ವಿಷಯಕ್ಕೆ ಬಂದಾಗ ಯಾಕೆ ಕೈ ಕಟ್ಟಿ ಕೂರ್ತೀವಿ? ನಮ್ಮ ಕೇರಿಲೇ ಒಂದು ಮನೇಲಿ 40 ಎಂಬಿಪಿಎಸ್ ಇದ್ದದ್ದನ್ನ 100ಕ್ಕೆ ಏರಿಸಿದ್ರು. ಮಹಡಿ ಮೇಲೆ ಮೊದಲೂ 6 ಬರ್ತಿತ್ತು, ಈಗಲೂ 6 ಬರ್ತಿದೆ. ಬಿಲ್ ಮಾತ್ರ ಏರಿತು. ನೀರು ನಿಂತಿದ್ದು ಪೈಪಲ್ಲಿ, ಅವರು ಬದಲಿಸಿದ್ದು ಮೋಟರು.

ಹಾಗಾಗಿ ಪೈಪಿನ ಗುಂಟ ನಡೆಯೋಣ.

ಮೊದಲು ಪೆಟ್ಟಿಗೆಯ ದೀಪ. ಫೈಬರ್ ಬಂದು ಸೇರೋ ಪೆಟ್ಟಿಗೆಯಲ್ಲಿ ಪಾನ್ ಅಂತ ಬರೆದ ದೀಪ ಅಲುಗದೆ ಉರೀಬೇಕು. ಎಲ್‌ಒಎಸ್ ಅಂತ ಬರೆದ ದೀಪ ಕೆಂಪಗೆ ಮಿನುಗ್ತಿದ್ರೆ ಬೆಳಕೇ ಮನೆವರೆಗೆ ಬರ್ತಿಲ್ಲ ಅಂತ ಅರ್ಥ. ಆಗ ಒಳಗೆ ಹತ್ತು ಸಲ ರೀಸ್ಟಾರ್ಟ್ ಮಾಡಿದ್ರೂ, ಸೆಟ್ಟಿಂಗ್ ತಿರುವಿದ್ರೂ ಏನೂ ಆಗಲ್ಲ. ಕಂಬದಿಂದ ಮನೆವರೆಗೆ ಒಮ್ಮೆ ಕಣ್ಣು ಹಾಯಿಸಿ: ಸೋಗೆ ಬಿದ್ದಿದೆಯಾ, ಮಂಗ ಜಗ್ಗಿದೆಯಾ, ಕೊನೆ ಇಳಿಸುವಾಗ ಹಗ್ಗ ಸಿಕ್ಕಿಕೊಂಡಿದೆಯಾ. ಪೆಟ್ಟಿಗೆ ಹಿಂದಿನ ತೆಳ್ಳನೆ ಎಳೆ ಗೋಡೆಗೆ ಒತ್ತಿ ಮಡಚಿಕೊಂಡಿದ್ರೂ ಬೆಳಕು ಸೋರಿ ಹೋಗುತ್ತೆ. ಮಡಚಿದ್ದನ್ನ ಸಡಿಲ ಮಾಡೋದು ನಮ್ಮ ಕೆಲಸ, ತುಂಡಾಗಿದ್ರೆ ಜೋಡಿಸೋದು ಅವರ ಕೆಲಸ.

ದೀಪ ಸರಿ ಇದ್ರೆ ಎರಡನೇದು, ಎಲ್ಲಕ್ಕಿಂತ ಮುಖ್ಯವಾದದ್ದು: ವೈರು. ಪೇಟೆಯಲ್ಲಿ ಸಿಗೋ ಕ್ಯಾಟ್ 5ಇ ಕೇಬಲ್ ಒಂದು ತಂದು ಲ್ಯಾಪ್‌ಟಾಪನ್ನ ನೇರ ರೂಟರಿಗೆ ಸಿಕ್ಕಿಸಿ. ಲ್ಯಾಪ್‌ಟಾಪಿನ ವೈಫೈ ಆರಿಸಿ, ಮನೆಯ ಉಳಿದ ಫೋನು, ಟಿವಿ, ಕ್ಯಾಮೆರಾ ಎಲ್ಲ ನೆಟ್ಟಿಂದ ಬಿಡಿಸಿ. ಈಗ ಸ್ಪೀಡ್ ನೋಡಿ. 40ರ ಪ್ಲಾನಿಗೆ 38 ಬಂತು ಅಂದ್ರೆ ಕಂಪನಿ ಮಾರಿದ್ದನ್ನ ಕೊಡ್ತಿದೆ, ತೊಂದರೆ ನಮ್ಮ ಗೋಡೆಯೊಳಗೆ. ವೈರಲ್ಲೂ 6 ಬಂತು ಅಂದ್ರೆ ತೊಂದರೆ ಹೆಚ್ಚಿನಂಶ ಅವರ ಕಡೆ. ಸೊಸೈಟಿ ತಕ್ಕಡಿ ಇದ್ದ ಹಾಗೆ ಇದು. ತೂಗದೆ ವ್ಯಾಪಾರ ಮಾಡಬಾರದು. ಒಂದು ಲೆಕ್ಕ ನೆನಪಿರಲಿ: 40 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 40 ಮೆಗಾಬಿಟ್. ಡೌನ್‌ಲೋಡ್ ಮಾಡುವಾಗ ಕಾಣೋದು ಮೆಗಾಬೈಟ್. ಎಂಟು ಬಿಟ್ಟಿಗೆ ಒಂದು ಬೈಟು, ಅಂದ್ರೆ ಅಲ್ಲಿ 5 ಕಂಡ್ರೆ ಮೋಸ ಅಲ್ಲ.

ತೊಂದರೆ ಒಳಗೆ ಅಂತ ಗೊತ್ತಾದ್ರೆ ಗೋಡೆ ನೋಡಿ. ನಮ್ಮ ಮನೆಗಳದ್ದು ಮಣ್ಣಿನ ಗೋಡೆ, ಕೆಂಪು ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ವೈಫೈಯಲ್ಲಿ 5 ಗಿಗಾಹರ್ಟ್ಸಿಂದು ವೇಗ ಜಾಸ್ತಿ, ಆದ್ರೆ ಇಂಥ ಎರಡು ಗೋಡೆ ದಾಟೋಷ್ಟರಲ್ಲಿ ಸುಸ್ತು. 2.4ರದ್ದು ದೂರ ಹೋಗುತ್ತೆ, ವೇಗ ಕಡಿಮೆ. ಹಾಗಿದ್ದೂ ರೂಟರ್ ಇಡೋದು ಎಲ್ಲಿ? ಜಗಲಿ ಮೂಲೆಯಲ್ಲಿ, ಕಬ್ಬಿಣದ ಬೀರು ಹಿಂದೆ. ಕೂರಿಸೋಕೆ ಬಂದವರಿಗೆ ಅಲ್ಲೇ ಹತ್ತಿರ ಆಯ್ತು, ನಾವೂ ಹೂಂ ಅಂದ್ವಿ. ಮನೆ ನಡುವಿಗೆ ತನ್ನಿ, ಎತ್ತರದಲ್ಲಿಡಿ. ಕೆಲಸ ಮಾಡೋ ಮಗನ ಕೋಣೆಗೆ ಮಾತ್ರ ವೈಫೈ ನಂಬಬೇಡಿ, ವೈರೇ ಎಳೀರಿ. 100 ಮೀಟರ್‌ವರೆಗೆ ಈ ಕೇಬಲ್ ನಡೆಯುತ್ತೆ. ಅಟ್ಟದ ಮೇಲೆ ಎಳೆಯೋದಾದ್ರೆ ಕೊಳವೆಯೊಳಗೆ ಹಾಕಿ. ಒಳಗೆ ಎಂಟು ಎಳೆ ಇರುತ್ತೆ, ಇಲಿ ಒಂದನ್ನ ಕಡಿದ್ರೂ ಸಾಕು, ಸಾವಿರದಲ್ಲಿ ಓಡಬೇಕಾದ್ದು ನೂರಕ್ಕೆ ಇಳಿಯುತ್ತೆ ಇಲ್ಲವೇ ನಿಂತೇ ಹೋಗುತ್ತೆ.

ಮೂರನೇದು ಹಂಚಿಕೆ. ವೀಡಿಯೋ ಮೀಟಿಂಗಿಗೆ ಮೂರು ನಾಲ್ಕು ಎಂಬಿಪಿಎಸ್ ಸಾಕು. ಆದ್ರೆ ಅಡಿಕೆ ಅಂಗಳದ ಕ್ಯಾಮೆರಾ ಹಗಲು ರಾತ್ರಿ ವೀಡಿಯೋ ಮೇಲಕ್ಕೆ ಕಳಿಸ್ತಿರುತ್ತೆ, ಫೋನಿನ ಫೋಟೋಗಳೂ ಮೇಲಕ್ಕೆ ಹೋಗ್ತಿರುತ್ತೆ. ಮೇಲೆ ಹೋಗೋ ದಾರಿ ತುಂಬಿದ್ರೆ ಕೆಳಗೆ ಬರೋದೂ ತಡವರಿಸುತ್ತೆ. ಅದರ ಮೇಲೆ ಹಳೇ ಕಂಪ್ಯೂಟರು ಅದೇ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ಇಳಿಸ್ತಾ ಕೂತಿರುತ್ತೆ. ಗೇಟ್ ವಾಲ್ವ್ ಒಂದೊಂದೇ ಮುಚ್ಚಿದ ಹಾಗೆ ಒಂದೊಂದೇ ಆರಿಸಿ ನೋಡಿ, ನೀರು ಕುಡೀತಿರೋರು ಯಾರು ಅಂತ ಹತ್ತು ನಿಮಿಷದಲ್ಲಿ ಸಿಗುತ್ತೆ. ಕ್ಯಾಮೆರಾಗೆ ಒಳಗೇ ಒಂದು ಕಾರ್ಡ್ ಹಾಕಿ ಅದರಲ್ಲೇ ರೆಕಾರ್ಡ್ ಆಗೋ ಹಾಗೆ ಮಾಡಿ.

ನಾಲ್ಕನೇದು, ಒಂದು ಕಂಪ್ಯೂಟರಿಗೆ ನೆಟ್ ಇದೆ, ಪಕ್ಕದ್ದಕ್ಕೆ ಇಲ್ಲ. ಇದು ಹಳೇ ರೂಟರನ್ನ ಎರಡನೇದಾಗಿ ಸಿಕ್ಕಿಸಿದ ಮನೆಗಳಲ್ಲಿ ಜಾಸ್ತಿ. ಎರಡೂ ರೂಟರು "ವಿಳಾಸ ಹಂಚೋನು ನಾನು" ಅಂತ ಕೂತ್ರೆ ಗಲಾಟೆ ಆಗದೆ ಇರುತ್ತಾ? ಒಂದು ಮನೆಗೆ ಇಬ್ಬರು ಯಜಮಾನರು ಇದ್ದ ಹಾಗೆ. ಹಳೇದರಲ್ಲಿ ಡಿಎಚ್‌ಸಿಪಿ ಆರಿಸಿ, ಅದಕ್ಕೆ 192.168.1.2 ತರದ ಬೇರೆ ವಿಳಾಸ ಕೊಡಿ, ವೈರನ್ನ ಅದರ ವಾನ್ ತೂತಿಗಲ್ಲ, ಲ್ಯಾನ್ ತೂತಿಗೆ ಹಾಕಿ. ಕಂಪ್ಯೂಟರಿನ ವಿಳಾಸ 169.254 ಅಂತ ಶುರುವಾಗಿದ್ರೆ ಅದಕ್ಕೆ ವಿಳಾಸ ಕೊಟ್ಟವರೇ ಇಲ್ಲ ಅಂತ ತಿಳೀರಿ. ಆಮೇಲೆ ಕಮಾಂಡ್ ಪ್ರಾಂಪ್ಟಲ್ಲಿ ಪಿಂಗ್ ಮಾಡಿ, ಮೊದಲು 192.168.1.1, ಅಂದ್ರೆ ನಮ್ಮ ರೂಟರು (ಕೆಲವರ ಮನೇಲಿ ಈ ಅಂಕಿ ಬೇರೆ ಇರುತ್ತೆ, ರೂಟರ್ ಅಡಿಯಲ್ಲಿ ಬರೆದಿರುತ್ತೆ). ಅದು ಉತ್ತರ ಕೊಡದಿದ್ರೆ ತೊಂದರೆ ಮನೆಯೊಳಗೆ. ಅದು ಕೊಟ್ಟು 8.8.8.8 ಕೊಡದಿದ್ರೆ ತೊಂದರೆ ಮುಂದಿನ ದಾರಿಯಲ್ಲಿ. ಎರಡೂ ಕೊಟ್ಟು ವೆಬ್‌ಸೈಟ್ ತೆರೀದಿದ್ರೆ ಹೆಸರು ಹುಡುಕೋ ಡಿಎನ್‌ಎಸ್ ಕೆಟ್ಟಿದೆ, ಸೆಟ್ಟಿಂಗಲ್ಲಿ ಅದನ್ನ ಬದಲಿಸಿದ್ರೆ ಆಯ್ತು.

ಐದನೇದು ಕರೆಂಟು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯೋ ಆ ಕ್ಷಣದಲ್ಲಿ ಕೆಲವು ರೂಟರ್ ಆರಿ ಮತ್ತೆ ಹತ್ತುತ್ತೆ, ಎರಡು ಮೂರು ನಿಮಿಷ ಮೀಟಿಂಗ್ ಹೋಯ್ತು. ರೂಟರಿಗೆ ಅಂತಲೇ ಚಿಕ್ಕ ಯುಪಿಎಸ್ ಸಿಗುತ್ತೆ, 12 ವೋಲ್ಟಿಂದೋ 9 ವೋಲ್ಟಿಂದೋ ಅಂತ ಅಡಾಪ್ಟರ್ ನೋಡಿ ತನ್ನಿ. ಇನ್ನು ಗುಡುಗಿನ ಕಾಲ. ಗಾಜಿನ ಎಳೆ ಸಿಡಿಲು ಒಯ್ಯಲ್ಲ ನಿಜ, ಆದ್ರೆ ಅದರ ಆಧಾರಕ್ಕಿರೋ ಉಕ್ಕಿನ ತಂತಿ, ಅಡಾಪ್ಟರಿನ ವೈರು, ಕೊಟ್ಟಿಗೆ ಕ್ಯಾಮೆರಾಕ್ಕೆ ಎಳೆದ ತಾಮ್ರದ ಕೇಬಲ್ ಒಯ್ಯುತ್ತೆ. ಮೋಡ ಕಟ್ಟಿದಾಗಲೇ ಕೀಳಿ.

"ದುಡ್ಡು ಕೊಡೋದು ನಾವು, ಇದೆಲ್ಲ ನಾವ್ಯಾಕೆ ಮಾಡ್ಬೇಕು?" ಅಂತ ಕೇಳೋರಿದ್ದೀರಿ. ನ್ಯಾಯದ ಮಾತೇ. ಹೊರಗಿನ ಲೈನಿಗೆ ಅವರೇ ಹೊಣೆ, ಅದರಲ್ಲಿ ರಿಯಾಯಿತಿ ಬೇಡ. ಆದ್ರೆ ಮನೆಯೊಳಗಿನ ಗೋಡೆಗೆ, ಇಲಿಗೆ, ಎರಡನೇ ರೂಟರಿಗೆ ಯಾರೂ ಬರಲ್ಲ. ಬರೋ ಹುಡುಗನ ಮೇಲೆ ಕೂಗಾಡಿಯೂ ಪ್ರಯೋಜನ ಇಲ್ಲ. ಅವನ ತಲೆ ಮೇಲೆ ಸುತ್ತಲಿನ ಎಷ್ಟೋ ಊರು, ಮಳೆಗಾಲದಲ್ಲಿ ಊಟಕ್ಕೂ ಪುರಸೊತ್ತಿಲ್ಲ.

ನಾನು ಹೇಳೋದು ಅಳತೆ ಇಟ್ಟುಕೊಂಡು ಜಗಳ ಆಡಿ ಅಂತ. ಒಂದು ವಾರ, ವೈರಲ್ಲಿ, ಉಳಿದದ್ದೆಲ್ಲ ಆರಿಸಿ, ಬೆಳಿಗ್ಗೆ 6ಕ್ಕೆ ಮತ್ತು ರಾತ್ರಿ 9ಕ್ಕೆ ಸ್ಪೀಡ್ ಬರೆದಿಡಿ. ಬೆಳಿಗ್ಗೆ 38, ರಾತ್ರಿ 5 ಬಂತಾ? ಹಾಗಾದ್ರೆ ನಿಮ್ಮ ಪೈಪು ಚಿಕ್ಕದಲ್ಲ, ಅವರ ಕೆರೆಗೆ ತೂಬು ಜಾಸ್ತಿ ಆಗಿದೆ. ಇರೋ ದಾರಿಗಿಂತ ಹೆಚ್ಚು ಮನೆಗೆ ಮಾರಿದ್ದಾರೆ. ಇದಕ್ಕೆ 100ರ ಪ್ಲಾನ್ ಮದ್ದಲ್ಲ. ಇದೊಂದೇ ಕಾರಣಕ್ಕೆ "ದೊಡ್ಡದು ಹಾಕ್ಸಿ" ಅನ್ನೋ ಮಾತಿಗೆ ನಾನು ವಿರೋಧ.

ದೂರು ಬಾಯಲ್ಲಿ ಹೇಳಿ ಬಿಡಬೇಡಿ, ದೂರಿನ ನಂಬರ್ ಕೇಳಿ ಪಡೀರಿ. ಟ್ರಾಯ್‌ನ 2012ರ ನಿಯಮದಲ್ಲಿ ಅದು ನಮ್ಮ ಹಕ್ಕು. ಪರಿಹಾರ ಸಮಾಧಾನ ತರದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಶುಲ್ಕ ಇಲ್ಲ. 2023ರ ಜನವರಿಯಿಂದ ಸರ್ಕಾರದ ವ್ಯಾಖ್ಯೆಯಲ್ಲೇ 2 ಎಂಬಿಪಿಎಸ್‌ಗಿಂತ ಕೆಳಗಿದ್ರೆ ಅದು ಬ್ರಾಡ್‌ಬ್ಯಾಂಡೇ ಅಲ್ಲ. ಅದಕ್ಕೂ ಮೊದಲು 512 ಕೆಬಿಪಿಎಸ್ ಇತ್ತು.

ಒಬ್ಬರ ಚೀಟಿಗೆ "ನಿಮ್ಮ ಲ್ಯಾಪ್‌ಟಾಪ್ ಹಳೇದು" ಅಂತ ಉತ್ತರ ಬರಬಹುದು. ಒಂದೇ ಕೇರಿಯ ಆರು ಮನೆ, ಒಂದೇ ವಾರದ, ಒಂದೇ ಹೊತ್ತಿನ ಅಂಕಿ ಒಂದೇ ಹಾಳೆಯಲ್ಲಿ ಹೋದ್ರೆ ಆ ಉತ್ತರ ನಡೆಯಲ್ಲ. ಕೇಬಲ್ ಇಲ್ಲದವರು ನಮ್ಮ ಮನೆಯದ್ದನ್ನ ಒಯ್ಯಿರಿ, ಹತ್ತು ಮೀಟರಿನದ್ದಿದೆ. ನೋಡಿ ಆದ ಮೇಲೆ ನಿಮ್ಮ ಅಂಕಿ ಕೆಳಗೆ ಬರೀರಿ. ಬರುವ ಭಾನುವಾರ ಹಾಳೆ ಮಾಡೋಣ.