ಪರದೆಯ ಪಾಠ ನಿಂತರೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹದಿನೆಂಟು ತುಂಬದವರು ಕಾರಿನ ಲೈಸೆನ್ಸ್ ಪಡೆಯಬೇಕಾದರೆ 30 ಗಂಟೆ ತರಗತಿ ಪಾಠ ಕೇಳಬೇಕು, 12 ಗಂಟೆ ಸ್ವತಃ ಓಡಿಸಬೇಕು, 6 ಗಂಟೆ ಇನ್ನೊಬ್ಬರು ಓಡಿಸುವುದನ್ನು ನೋಡಬೇಕು. 2020ರಲ್ಲಿ ಕೋವಿಡ್ ಬಂದಾಗ ತರಗತಿ ಪಾಠ ಕಂಪ್ಯೂಟರ್ ಪರದೆಗೆ ಹೋಯಿತು. ಪರದೆಯ ಪಾಠಕ್ಕೆ ಕೋಣೆ ಬೇಡ, ಬಾಡಿಗೆ ಬೇಡ. ದೂರದ ಊರಿನ ಮಕ್ಕಳೂ ಸೇರಬಹುದು.

ಇಂಥ ಅನುಮತಿ ರದ್ದಾದರೆ ಮೊದಲ ಪೆಟ್ಟು, ಕೋಣೆ ಬಿಟ್ಟುಕೊಟ್ಟ ಸಣ್ಣ ಡ್ರೈವಿಂಗ್ ಸ್ಕೂಲಿಗೆ. ಹುಡುಗನನ್ನು ಅಪ್ಪ ಅಮ್ಮನೇ ಕರೆತರಬೇಕು. ಅವನಿಗಿನ್ನೂ ಲೈಸೆನ್ಸೇ ಇಲ್ಲವಲ್ಲ!

ಹಾಗೆಂದು ಪರದೆಯೇ ಸಾಕೆನ್ನುವಂತಿಲ್ಲ. ವೇಗ ಎರಡರಷ್ಟಾದರೆ, ಬ್ರೇಕ್ ಹಿಡಿದ ಮೇಲೆ ಕಾರು ನಿಲ್ಲಲು ಸುಮಾರು ನಾಲ್ಕರಷ್ಟು ದೂರ ಬೇಕು. ಈ ಲೆಕ್ಕವನ್ನು ಪರದೆಯಲ್ಲೂ ಹೇಳಬಹುದು. ಆದರೆ ಕ್ಯಾಮೆರಾ ಮುಚ್ಚಿದ ಹುಡುಗ ಕೇಳುತ್ತಿದ್ದಾನೋ, ನಿದ್ದೆ ಹೋದನೋ, ಶಿಕ್ಷಕರಿಗೆ ತಿಳಿಯದು.