ಲಾ ಓದುವ ಮಕ್ಕಳನ್ನು ಕೋರ್ಟಿಗೂ ಕಳುಹಿಸಿ

ನಮ್ಮ ಜಮಾಅತ್‌ಗಳಲ್ಲಿ ಈಗ ಕಾನೂನು ಓದುವ ಮಕ್ಕಳು ಕಾಣಸಿಗುತ್ತಿದ್ದಾರೆ, ಹೆಣ್ಣುಮಕ್ಕಳೂ ಇದ್ದಾರೆ. ಸಂತೋಷವೇ. ಆದರೆ ಫೀಸು ಕಟ್ಟಿ ಆಯ್ತು, ಹಾಜರಿ ಸರಿ ಉಂಟು, ಇನ್ನು ಮಗ ವಕೀಲನಾದ ಹಾಗೆಯೇ ಎಂದು ಮನೆಯವರು ಅಂದುಕೊಂಡರೆ ಅದು ಅರ್ಧ ಲೆಕ್ಕ.

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮದ ಪ್ರಕಾರ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್ ಆಗಬೇಕು. ಕೋರ್ಟಿನಲ್ಲಿ ಕುಳಿತು ವಿಚಾರಣೆ ನೋಡಿ ಡೈರಿ ಬರೆಯಬೇಕು, ಅಣಕು ನ್ಯಾಯಾಲಯದಲ್ಲಿ ನಿಂತು ವಾದಿಸಬೇಕು. ಇದನ್ನೆಲ್ಲ ಪರಿಚಯದ ವಕೀಲರ ಕೈಯಿಂದ ಒಂದು ಸರ್ಟಿಫಿಕೇಟ್ ತಂದು ಮುಗಿಸುವವರಿದ್ದಾರೆ. ಹೆಣ್ಣುಮಕ್ಕಳಿಗಂತೂ "ಕೋರ್ಟ್ ಗಲಾಟೆಯ ಜಾಗ, ಬೇಡ ಮಗಳೇ" ಎಂದು ಮನೆಯಲ್ಲೇ ತಡೆ. ಕೋರ್ಟಿಗೆ ಹೋಗುವುದು ಬೇಡವಾದರೆ ಲಾ ಕಾಲೇಜಿಗೆ ಸೇರಿಸಿದ್ದು ಯಾಕೆ?

ಅದೇ ಕೋರ್ಟಿನ ಮೆಟ್ಟಿಲಲ್ಲಿ ಜೀವನಾಂಶಕ್ಕೆ ಅಲೆಯುವ ನಮ್ಮದೇ ಹೆಂಗಸರಿದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 15100 ನಂಬರಿಗೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ಎಷ್ಟು ಉಮ್ಮಂದಿರಿಗೆ ಇದು ಗೊತ್ತು? ಕಾನೂನು ವಿದ್ಯಾರ್ಥಿಗಳು ಅರೆಕಾಲಿಕ ಕಾನೂನು ಸ್ವಯಂಸೇವಕರಾಗಿ ಇಂಥವರ ಕೈಹಿಡಿಯಬಹುದು, ಆ ಯೋಜನೆಯಲ್ಲೇ ಅವರಿಗೆ ಜಾಗ ಉಂಟು. ಕೋರ್ಟಿನಲ್ಲಿ ವಾದಿಸುವ ಹಾಗಿಲ್ಲ, ಸರಿ. ಅರ್ಜಿ ಬರೆಯಲು, ಜೊತೆಗೆ ಪ್ರಾಧಿಕಾರದ ಕಚೇರಿಗೆ ಹೋಗಲು ಸನ್ನದು ಬೇಕಿಲ್ಲವಲ್ಲ.

ಇನ್ನೊಂದು ಪಾಠ ಕಾಲೇಜಿನಲ್ಲಿ ಪೂರ್ತಿ ಸಿಗುವುದೇ ಇಲ್ಲ. ನಾವು ಬ್ಯಾರಿಗಳು ಶಾಫಿಈ ಮದ್‌ಹಬಿನವರು. ಕಾಲೇಜಿನಲ್ಲಿ ಓದುವ ಮುಲ್ಲಾ ಅವರ ಗ್ರಂಥ ಹೆಚ್ಚಾಗಿ ಹನಫಿ ನಿಯಮದ ಮೇಲೆ ನಿಂತದ್ದು. ವ್ಯತ್ಯಾಸ ಸಣ್ಣದಲ್ಲ. ಪಾಲಾಗದ ಜಾಗದಲ್ಲಿ ತನ್ನ ಹಕ್ಕನ್ನು ಒಬ್ಬರು ತಂಗಿಗೆ ಹಿಬಾ ಕೊಟ್ಟರು ಅನ್ನಿ. ಪಾಲು ಮಾಡಲು ಬರುವ ಜಾಗವಾದರೆ ಹನಫಿಯಲ್ಲಿ ಅದು ಸಾಮಾನ್ಯವಾಗಿ ಕ್ರಮಬದ್ಧವಲ್ಲ. ಶಾಫಿಈಯಲ್ಲಿ, ಕೊಟ್ಟವರು ಹಿಡಿತ ಬಿಟ್ಟುಕೊಟ್ಟರೆ, ಅಡ್ಡಿಯಿಲ್ಲ. ಇದನ್ನು ವಕೀಲನೇ ಎತ್ತಿ ಹೇಳದಿದ್ದರೆ ನ್ಯಾಯಾಧೀಶರಿಗೆ ಯಾರು ಹೇಳಬೇಕು? ತಂಗಿಯ ಮನೆಯೇ ಹೋದೀತು.

ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಫರಾಇಲ್ ಕಲಿಸುವ ಉಸ್ತಾದರು ಊರಲ್ಲೇ ಇದ್ದಾರೆ. ನಮಗೂ ಅವರಿಂದ ಕಲಿಯುವುದು ಉಂಟು: ಕಿತಾಬು ಓದಿದವರಿಗೆ ಪಹಣಿ, ಇ.ಸಿ. ಓದಲು ಬರುತ್ತದೆಂದು ಹೇಳುವ ಹಾಗಿಲ್ಲ. ಭಾನುವಾರ ಮದ್ರಸ ಬಿಟ್ಟ ಮೇಲೆ ಕೋಣೆಗಳು ಖಾಲಿಯೇ ಇರುತ್ತವೆ. ಜಮಾಅತ್ ಕಮಿಟಿಯವರು ಒಂದು ಮೇಜು, ನಾಲ್ಕು ಕುರ್ಚಿ ಹಾಕಿಸಿ, ಊರಿನ ಹಿರಿಯ ವಕೀಲರೊಬ್ಬರನ್ನು ತಿಂಗಳಿಗೊಮ್ಮೆ ಕರೆಯಲಿ. ಮಕ್ಕಳು ಬರುತ್ತಾರೆ, ಕಾಗದಪತ್ರ ಹಿಡಿದುಕೊಂಡು ಊರವರೂ ಬರುತ್ತಾರೆ.